ಚಪ್ಪರ ಹಾಕೋನು ಆರ್ಕಿಟೆಕ್ಟ್ ಅಲ್ವಂತೆ!

ಈ ಬರಹ ಸ್ವಲ್ಪ ಖಾರವಾಗೇ ಇರುತ್ತೆ. ಆರ್ಕಿಟೆಕ್ಚರ್ ಓದಿರುವ, ಓದಿಸುತ್ತಿರುವ ಬ್ಲಾಗ್ ಮಿತ್ರರು ಬೇಜಾರು ಮಾಡಿಕೊಳ್ಳಬಾರದು. ಮಾಡಿಕೊಂಡರೂ ಪರವಾಗಿಲ್ಲ, ಕೆಳಗೆ ಕಾಮೆಂಟ್ ಡಬ್ಬ ಖಾಲಿ ಇದೆ, ಬೈದು ತುಂಬಿಸಿ :)

ನನ್ನ ವಾದ ಇಷ್ಟೇ. ಚಪ್ಪಟೆಯಾಗಿ ಬಿದ್ದಿರುವ ಒಂದು ವಸ್ತುವನ್ನು, ಅದು ಎಲೆಯೋ ಬಟ್ಟೆಯೋ ಗೋಣಿಯೋ ತಗಡೋ ಯಾವುದಾದರೂ ಆಗಲಿ, ಮಡಿಸಿ, ಸೀಳಿ, ಹೆಣೆದು, ಎಳೆದು ಕಟ್ಟಿ, ಅದರಿಂದ ಮನುಷ್ಯ ಒಳಗೆ ಹೋಗಿ ಕೂರಬಹುದಾದ ಒಂದು ಜಾಗ ಹುಟ್ಟಿಸುವ ವಿದ್ಯೆ ನಮ್ಮ ನಂಜನಗೂಡು, ತಿ. ನರಸೀಪುರದ ಸುತ್ತಮುತ್ತ ತಲೆತಲಾಂತರದಿಂದ ಇದೆ. ಅದನ್ನು ನಾವು ವಿದ್ಯೆ ಅಂತ ಕರೆಯಲ್ಲ, ಕೂಲಿ ಅಂತ ಕರೀತೀವಿ. ಆಮೇಲೆ ಅದೇ ವಿದ್ಯೆಯನ್ನು ಇಂಗ್ಲಿಷ್ ಪುಸ್ತಕದಿಂದ ತೆಗೆದು, ಲಕ್ಷಗಟ್ಟಲೆ ಫೀಸು ಕಟ್ಟಿಸಿಕೊಂಡು, ಅದೇ ಕೂಲಿಯವರ ಮಕ್ಕಳಿಗೆ ಹೊಸದಾಗಿ ಕಂಡುಹಿಡಿದ ಹಾಗೆ ಹೇಳಿಕೊಡ್ತೀವಿ. ಇದು ಮೂರ್ಖತನ ಅಷ್ಟೇ ಅಲ್ಲ, ಅನ್ಯಾಯ ಕೂಡ.

ಯಾಕೆ ಈಗ ಇದೆಲ್ಲ ಅಂದರೆ, ನಮ್ಮಕ್ಕನ ಮಗ ಬೆಂಗಳೂರಿನ ಒಂದು ಕಾಲೇಜಿನಲ್ಲಿ ಆರ್ಕಿಟೆಕ್ಚರ್ ಮೊದಲನೇ ವರ್ಷ ಓದುತ್ತಿದ್ದಾನೆ. ಕಾಲೇಜಿನ ಹೆಸರು ಬೇಡ ಬಿಡಿ, ಎಲ್ಲ ಕಡೆಯೂ ಹೆಚ್ಚುಕಮ್ಮಿ ಇದೇ ಕಥೆ. ಅವನಿಗೊಂದು ಎಕ್ಸರ್ಸೈಜ್ ಕೊಟ್ಟರು. ಒಂದು ಹಾಳೆ ತೆಗೆದುಕೊಳ್ಳಿ, ಅಂಟು ಬಳಸಬೇಡಿ, ಏನನ್ನೂ ಕತ್ತರಿಸಿ ಬಿಸಾಡಬೇಡಿ, ಕೈಯಿಂದ ಒಂದು ಕ್ರಿಯೆ ಮಾಡಿ ಸ್ಪೇಸ್ ಹುಟ್ಟಿಸಿ ಅಂತ. ಒಳ್ಳೇ ಎಕ್ಸರ್ಸೈಜೇ, ನಾನೇನೂ ಆಡಿಕೊಳ್ಳುತ್ತಿಲ್ಲ. ಹುಡುಗ ಏನು ಮಾಡಿದ ಅಂದರೆ, ಚೀಲದ ಆಕಾರದ ಒಂದು ದೊಡ್ಡ ಕಾಗದದ ಕವರು ತೆಗೆದುಕೊಂಡು, ಕೆಳಗಿನ ಒಂದು ಮೂಲೆಯನ್ನು ಒಳಕ್ಕೆ ತಳ್ಳಿ ಇನ್ನೊಂದು ಮೂಲೆಯಲ್ಲಿ ಕೂರಿಸಿ, ನಿಲ್ಲಿಸಿಟ್ಟ. ನಮ್ಮ ಕಡೆಯವರಿಗೆ ಗೊತ್ತಾಗಿರಬೇಕು ಅದೇನು ಅಂತ. ಕೊಪ್ಪೆ! ಗೋಣಿ ಕೊಪ್ಪೆ!

ಮೇಷ್ಟ್ರು ನೋಡಿ ನಕ್ಕರಂತೆ. "ಇದು ರೇನ್‌ಕೋಟು ಕಣಪ್ಪ, ಸ್ಪೇಸ್ ಅಲ್ಲ" ಅಂದರಂತೆ. ಪಕ್ಕದ ಹುಡುಗಿ ಇಂಟರ್ನೆಟ್ಟಿನಲ್ಲಿ ನೋಡಿಕೊಂಡು ಮಾಡಿದ್ದ ಜಪಾನಿ ಮಡಿಕೆಗೆ ಒಳ್ಳೇ ಮಾರ್ಕ್ಸು ಬಂತಂತೆ. ಫೋನಿನಲ್ಲಿ ಹೇಳುವಾಗ ಹುಡುಗನ ದನಿ ಸಣ್ಣಗಾಗಿತ್ತು. "ಮಾವ, ಊರಿನ್ ವಿಷ್ಯ ಇಲ್ಲಿ ಎತ್ಬಾರ್ದು ಅನ್ಸುತ್ತೆ" ಅಂದ. ನನಗೆ ಸಿಟ್ಟು ಬಂದಿದ್ದು ಮಾರ್ಕ್ಸಿಗಲ್ಲ, ಈ ಮಾತಿಗೆ.

ಸರಿ, ಕೊಪ್ಪೆಯಿಂದಲೇ ಶುರು ಮಾಡೋಣ. ಗೋಣಿಚೀಲ ಅಂದರೆ ಮೂರು ಕಡೆ ಮುಚ್ಚಿರುವ, ಒಂದು ಕಡೆ ತೆರೆದಿರುವ ಎರಡು ಪದರದ ಚಪ್ಪಟೆ ವಸ್ತು. ಮಾಡುವ ಕೆಲಸ ಒಂದೇ ಒಂದು: ಒಂದು ಮೂಲೆಯನ್ನು ಒಳಕ್ಕೆ ತಳ್ಳುವುದು. ತಲೆಗೆ ಚೂಪಾದ ಗೂಡು, ಬೆನ್ನಿಗೆ ಇಳಿಜಾರು, ಮುಂದೆ ಬಾಗಿಲು ಎಲ್ಲವೂ ಅದೊಂದೇ ಕ್ರಿಯೆಯಲ್ಲಿ ಬಂತು. ತಲೆಯ ಮೇಲೆ ಪದರ ಒಂದಲ್ಲ, ಒಂದರೊಳಗೊಂದು. ನೀರು ಇಳಿದು ಹೋಗುತ್ತೆ, ಕೈ ಎರಡೂ ಖಾಲಿ, ಬಗ್ಗಿ ನಾಟಿ ಹಾಕಬಹುದು. ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಖರ್ಚಿಲ್ಲ. ಮಳೆ ನಿಂತ ಮೇಲೆ ಮೂಲೆ ಹೊರಕ್ಕೆ ಎಳೆದರೆ ಮತ್ತೆ ಚೀಲ, ರಾಗಿ ತುಂಬಿ ಕಟ್ಟಿಡಿ. ಈಗಲೂ ಕಬಿನಿ ನಾಲೆಯ ಗದ್ದೆಗಳಲ್ಲಿ ನಾಟಿ ಕಾಲಕ್ಕೆ ನೋಡಿ, ಗೋಣಿ ಹೋಗಿ ಗೊಬ್ಬರದ ಪ್ಲಾಸ್ಟಿಕ್ ಚೀಲ ಬಂದಿದೆ, ಕೊಪ್ಪೆ ಮಾತ್ರ ಹಾಗೇ ಇದೆ. ಕುರಿ ಕಾಯುವವರ ಕಂಬಳಿ ಕೊಪ್ಪೆಯೂ ಇದರ ಅಣ್ಣನೇ.

ಇದು ಸ್ಪೇಸ್ ಅಲ್ಲ, ರೇನ್‌ಕೋಟು ಅಂತೆ. ಅಲ್ಲ ಸ್ವಾಮಿ, ಸ್ಪೇಸ್ ಅಂದರೆ ಏನು ಮತ್ತೆ? ಹೊರಗೆ ಒಂದು, ಒಳಗೆ ಒಂದು ಅಂತ ಬೇರೆ ಆಗುವುದೇ ತಾನೇ? ಸುರಿಯೋ ಮಳೆಯಲ್ಲಿ ಕೊಪ್ಪೆ ಹಾಕಿಕೊಂಡು ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚುವ ಮುದುಕನನ್ನು ಕೇಳಿ, ಅವನು ಎಲ್ಲಿದ್ದಾನೆ ಅಂತ. ಮನೆಯೊಳಗಿದ್ದಾನೆ ಸಾರ್! ಒಬ್ಬರೇ ಹಿಡಿಸೋ ಮನೆ, ಅಷ್ಟೇ.

ಇದೇ ಎಕ್ಸರ್ಸೈಜಿನ ಮೂಲ ಎಲ್ಲಿದೆ ಗೊತ್ತಾ? ಜರ್ಮನಿಯ ಬೌಹೌಸ್ ಶಾಲೆಯಲ್ಲಿ 1920ರ ದಶಕದಲ್ಲಿ ಜೋಸೆಫ್ ಆಲ್ಬರ್ಸ್ ಅನ್ನುವ ಮೇಷ್ಟ್ರು ಹೊಸ ವಿದ್ಯಾರ್ಥಿಗಳ ಕೈಗೆ ಕಾಗದ ಕೊಟ್ಟು, ಏನೂ ದಂಡ ಮಾಡದೆ ಅದರಿಂದ ಏನಾದರೂ ಮಾಡಿ ಅನ್ನುತ್ತಿದ್ದರು. ದೊಡ್ಡ ಮೇಷ್ಟ್ರು, ಎರಡು ಮಾತಿಲ್ಲ. 1967-68ರಲ್ಲಿ ಅಮೆರಿಕದ ಶಿಲ್ಪಿ ರಿಚರ್ಡ್ ಸೆರಾ ವಸ್ತುವಿನ ಮೇಲೆ ಮಾಡಬಹುದಾದ ಕ್ರಿಯೆಗಳನ್ನೆಲ್ಲ ಒಂದು ಪಟ್ಟಿ ಮಾಡಿದರು, ಬರೀ ಕ್ರಿಯಾಪದಗಳ ಪಟ್ಟಿ. 1988ರಲ್ಲಿ ಫ್ರಾನ್ಸಿನ ತತ್ವಜ್ಞಾನಿ ದೆಲೂಜ್ ಮಡಿಕೆಯ ಬಗ್ಗೆ ಒಂದು ಪುಸ್ತಕ ಬರೆದರು, 1993ರಲ್ಲಿ ಗ್ರೆಗ್ ಲಿನ್ ಅದನ್ನು ಹಿಡಿದುಕೊಂಡು ಲಂಡನ್ನಿನ ಪತ್ರಿಕೆಯೊಂದರ ವಿಶೇಷ ಸಂಚಿಕೆಯನ್ನೇ ತಂದರು. ಅಲ್ಲಿಂದ ಮುಂದೆ ಮಡಿಸುವುದು ಆರ್ಕಿಟೆಕ್ಚರಿನಲ್ಲಿ ಫ್ಯಾಷನ್ ಆಯಿತು. ಇವರ್ಯಾರದ್ದೂ ತಪ್ಪಿಲ್ಲ. ತಮ್ಮ ಕೈ ಮಾಡುವುದನ್ನು ಅವರು ತಮ್ಮ ಭಾಷೆಯಲ್ಲಿ ಯೋಚಿಸಿದರು. ತಪ್ಪು ನಮ್ಮದು, ನಮ್ಮ ಕೈ ಮಾಡುವುದನ್ನು ನಾವು ಯಾವ ಭಾಷೆಯಲ್ಲೂ ಯೋಚಿಸಲಿಲ್ಲ.

ಭಾಷೆ ಅಂದೆನಲ್ಲ, ಅಲ್ಲೇ ಸ್ವಲ್ಪ ನಿಲ್ಲಿ. ಕನ್ನಡದಲ್ಲಿ ಮನೆಯನ್ನೂ ಕಟ್ಟುತ್ತೇವೆ, ಹಸುವನ್ನೂ ಕಟ್ಟುತ್ತೇವೆ, ಹೂವನ್ನೂ ಕಟ್ಟುತ್ತೇವೆ, ಪೊಟ್ಟಣವನ್ನೂ ಕಟ್ಟುತ್ತೇವೆ. ಕಟ್ಟು ಅಂದರೆ ಗಂಟು ಹಾಕು ಅಂತಲೂ ಹೌದು, ನಿರ್ಮಿಸು ಅಂತಲೂ ಹೌದು. ಕಟ್ಟಡ ಅನ್ನುವ ಮಾತು ಹುಟ್ಟಿದ್ದೇ ಅದರಿಂದ. ಇಟ್ಟಿಗೆ ಸಿಮೆಂಟಿನ ಮನೆಗೂ ನಾವು ಹಗ್ಗದ ಮಾತನ್ನೇ ಆಡುತ್ತೇವೆ. ಅಷ್ಟೇ ಅಲ್ಲ. ಮಡಿಸು, ಮಡಚು, ಮುದುರು, ಸುತ್ತು, ಸುರುಳಿ ಮಾಡು, ಬಗ್ಗಿಸು, ತಿರುಚು, ಸೀಳು, ಹೆಣೆ, ಹಚ್ಚು, ಹೊದಿಸು, ಬಿಗಿ, ನೆರಿಗೆ ಹಿಡಿ... ಸೆರಾ ಅವರ ಪಟ್ಟಿಯನ್ನು ಗೋಡೆಗೆ ಅಂಟಿಸುವ ಸ್ಟುಡಿಯೋದಲ್ಲಿ ಈ ಪಟ್ಟಿಯೂ ಒಂದು ಯಾಕಿಲ್ಲ?

ಒಂದೊಂದು ಪದದ ಹಿಂದೆಯೂ ಒಂದೊಂದು ಕೆಲಸ ಇದೆ. "ಹಚ್ಚು" ತಗೊಳ್ಳಿ. ಮುತ್ತುಗದ ಎಲೆ ಹಚ್ಚುವುದು ಅಂದರೆ ಕಡ್ಡಿ ಚುಚ್ಚಿ ಎಲೆಗೆ ಎಲೆ ಸೇರಿಸುವುದು. ಅದೇ ಎಲೆಯ ಅಂಚನ್ನು ಮೇಲಕ್ಕೆತ್ತಿ, ಮಡಿಕೆ ಹಾಕಿ, ಆ ಮಡಿಕೆ ಬಿಚ್ಚದ ಹಾಗೆ ಕಡ್ಡಿ ಚುಚ್ಚಿದರೆ ದೊನ್ನೆ. ಚಪ್ಪಟೆ ಎಲೆಯಲ್ಲಿ ಪಾಯಸ ನಿಲ್ಲಲ್ಲ, ದೊನ್ನೆಯಲ್ಲಿ ನಿಲ್ಲುತ್ತೆ. ಎಲೆ ಅದೇ! ಬದಲಾಗಿದ್ದು ಎಲ್ಲಿ ಮಡಿಸಿದೆ, ಎಲ್ಲಿ ಬೀಗ ಹಾಕಿದೆ ಅನ್ನುವುದು ಮಾತ್ರ.

ಇದರಲ್ಲಿ ವಿಜ್ಞಾನ ಏನಿದೆ ಅನ್ನುವವರಿಗೆ ಒಂದು ಸಣ್ಣ ಪ್ರಯೋಗ. ಎರಡು ಲೋಟ ಇಟ್ಟು ಅವುಗಳ ಮೇಲೆ ಸೇತುವೆ ಹಾಗೆ ಒಂದು ಕಾಗದ ಇಡಿ. ಮಧ್ಯಕ್ಕೆ ಜೋತು ಬೀಳುತ್ತೆ. ಅದೇ ಕಾಗದಕ್ಕೆ ಸೀರೆಗೆ ಹಿಡಿದ ಹಾಗೆ ನೆರಿಗೆ ಹಿಡಿದು ಇಡಿ. ಈಗ ಮೇಲೊಂದು ಪೆನ್ನು ಇಡಿ, ನಾಕು ನಾಣ್ಯ ಇಡಿ, ತಡೆಯುತ್ತೆ. ಒಂದು ಹಲಗೆಯ ದಪ್ಪ ಎರಡರಷ್ಟಾದರೆ ಅದು ಬಾಗದೆ ನಿಲ್ಲುವ ಬಿಗಿ ಎಂಟರಷ್ಟಾಗುತ್ತೆ. ನೆರಿಗೆ ಹಿಡಿದಾಗ ಕಾಗದ ದಪ್ಪವಾಗಲಿಲ್ಲ, ಆದರೆ ಅದಕ್ಕೆ ಎತ್ತರ ಬಂತು. ಆ ಎತ್ತರವೇ ಕೆಲಸ ಮಾಡುವುದು. ಆದರೆ ನೆರಿಗೆಯ ತುದಿ ಬಿಟ್ಟರೆ ಎಲ್ಲ ಹರಡಿಕೊಂಡು ಮತ್ತೆ ಚಪ್ಪಟೆ. ಅದಕ್ಕೇ ದೊನ್ನೆಗೆ ಕಡ್ಡಿ, ಚಪ್ಪರಕ್ಕೆ ಗಳ, ಸೀರೆಗೆ ಸೊಂಟ :)

ಈಗ ನಮ್ಮ ಚಪ್ಪರಕ್ಕೆ ಬನ್ನಿ. ತೆಂಗಿನ ಗರಿಯನ್ನು ನಡುದಿಂಡಿನ ಉದ್ದಕ್ಕೂ ಸೀಳಿ ಎರಡು ಮಾಡಿ, ನೀರಲ್ಲಿ ನೆನೆಸಿ, ಒಂದೊಂದು ಎಲೆಯನ್ನೂ ಪಕ್ಕದ್ದರ ಮೇಲೊಮ್ಮೆ ಕೆಳಗೊಮ್ಮೆ ತಂದು ಹೆಣೆಯುತ್ತಾರೆ. ಗಟ್ಟಿ ದಿಂಡು ಒಂದು ಕಡೆ, ಹೆಣೆದ ಚಾಪೆ ಇನ್ನೊಂದು ಕಡೆ. ಅಂದರೆ ತೊಲೆ ಮತ್ತು ಹೊದಿಕೆ ಎರಡೂ ಒಂದೇ ತುಂಡಿನಲ್ಲಿ! ಗಳಗಳನ್ನು ನಿಲ್ಲಿಸಿ, ಅಡ್ಡ ಕಟ್ಟಿ, ಮೇಲೆ ಇದನ್ನು ಒಂದರ ಮೇಲೊಂದು ಒರಗುವಂತೆ ಹೊದಿಸಿದರೆ ಬಿಸಿಲು ಬರಲ್ಲ, ಗಾಳಿ ಮಾತ್ರ ಹೆಣಿಗೆಯ ಸಂದಿಯಿಂದ ಮೇಲಕ್ಕೆ ಹೋಗುತ್ತೆ. ಬಿಸಿಗಾಳಿ ಒಳಗೆ ಕಟ್ಟಿಹಾಕಿಕೊಳ್ಳುವುದಿಲ್ಲ. ನಮ್ಮ ಕಡೆ ಮದುವೆಯ ಹಿಂದಿನ ದಿನಕ್ಕೆ ಹೆಸರೇ ಚಪ್ಪರ. ಹಾಲುಗಂಬ ನೆಟ್ಟು, ಚಪ್ಪರ ಹಾಕಿದರೇನೇ ಅಂಗಳ ಮದುವೆಮನೆ ಆಗೋದು. ಈಗ ಮದುವೆ ಎಲ್ಲ ಕಲ್ಯಾಣಮಂಟಪದಲ್ಲಿ. ಆದರೂ ಲಗ್ನಪತ್ರಿಕೆಯಲ್ಲಿ ಚಪ್ಪರ ಅಂತ ಪ್ರಿಂಟಾಗುತ್ತೆ. ಪದ ಉಳಿದಿದೆ, ಗರಿ ಹೆಣೆಯುವ ಬೆರಳು ಉಳಿದಿಲ್ಲ.

ನಮ್ಮೂರ ಮಾರಮ್ಮನ ಗುಡಿ ಮುಂದೆ ಹಬ್ಬಕ್ಕೆ ಪ್ರತಿ ವರ್ಷ ಹಸಿರು ಚಪ್ಪರ ಹಾಕುತ್ತಿದ್ದರು. ಕೆಲವು ವರ್ಷದ ಹಿಂದೆ ಊರಿನವರು ಸೇರಿ ಕಬ್ಬಿಣದ ಪೈಪು ನೆಟ್ಟು ಜಿಂಕ್ ಶೀಟು ಹೊದಿಸಿದರು. ಒಂದು ಸಲ ಹಾಕಿದ್ರೆ ಆಯ್ತಲ್ಲ, ವರ್ಷವರ್ಷ ಯಾರು ಒದ್ದಾಡೋದು ಅಂತ. ಈಗ ಹಬ್ಬದ ದಿನ ಮಧ್ಯಾಹ್ನ ಬಂದು ನೋಡಿ. ಶೀಟಿನ ಕೆಳಗೆ ಯಾರೂ ಇಲ್ಲ! ಎಲ್ಲ ಅರಳಿಮರದ ಕೆಳಗೆ. ಚಪ್ಪರ ಹಾಕುತ್ತಿದ್ದ ಮನೆಯವರ ಪೈಕಿ ಒಬ್ಬರು ಈಗ ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸೆಕ್ಯುರಿಟಿ ಗಾರ್ಡು. ಅವರ ಮಗನಿಗೆ ಗರಿ ಹೆಣೆಯಲು ಬರಲ್ಲ. ಒಂದು ತಲೆಮಾರು ಸಾಕಾಯಿತು ನೋಡಿ.

ಇಲ್ಲಿ ಕೆಲವರು ಕೈ ಎತ್ತುತ್ತೀರಿ, ಗೊತ್ತು. "ನೀವು ಸಿಟಿ ಜನ, ಬಡವರು ಸೋಗೆ ಗುಡಿಸಲಲ್ಲೇ ಇರಬೇಕು ಅಂತೀರಾ?" ಅಂತ. ಖಂಡಿತ ಇಲ್ಲ. ಮೊದಲನೆಯದಾಗಿ ನಾನು ಸಿಟಿಯವನಲ್ಲ. ಎರಡನೆಯದು, ಗರಿ ಕೊಳೆಯುತ್ತೆ, ಇಲಿ ಬರುತ್ತೆ, ಹಾವು ಬರುತ್ತೆ, ಒಂದು ಕಿಡಿ ಬಿದ್ದರೆ ಕೇರಿಗೆ ಕೇರಿಯೇ ಹೋಗುತ್ತೆ. ಸೋಗೆ ಬಿಟ್ಟು ಶೀಟಿಗೆ ಹೋದವರು ಯೋಚನೆ ಮಾಡಿಯೇ ಹೋಗಿದ್ದಾರೆ. ಅಷ್ಟಕ್ಕೂ ಶೀಟು ನಮ್ಮ ಶತ್ರು ಅಲ್ಲವೇ ಅಲ್ಲ. 1829ರಲ್ಲಿ ಲಂಡನ್ನಿನ ಹೆನ್ರಿ ಪಾಮರ್ ಅನ್ನುವ ಇಂಜಿನಿಯರ್ ತೆಳು ತಗಡಿಗೆ ಏರಿಳಿತದ ನೆರಿಗೆ ಹಾಕಿಸಿ ಪೇಟೆಂಟ್ ತೆಗೆದುಕೊಂಡ. ಅಂದರೆ ಶೀಟು ಕೂಡ ನೆರಿಗೆಯ ಮಗುವೇ! ನಾನು ಕೇಳುವುದು, ನೆರಿಗೆ ಗೊತ್ತಿದ್ದವನು ಶೀಟು ಹಾಕಿದರೆ ಬೇರೆ ಥರ ಹಾಕುತ್ತಾನೆ. ಎತ್ತರ ಕಡೆಯಲ್ಲಿ ಬಿಸಿಗಾಳಿ ಹೋಗಲು ಸಂದಿ ಬಿಡುತ್ತಾನೆ. ಬೇಸಿಗೆಗೆ ಶೀಟಿನ ಮೇಲೆ ಗರಿ ಹರಡುತ್ತಾನೆ, ಎಷ್ಟೋ ಮನೆಗಳಲ್ಲಿ ಹೆಂಗಸರು ಇದನ್ನು ಈಗಲೂ ಮಾಡಿಸುತ್ತಾರೆ. ಹಳೆ ವಿದ್ಯೆ ಗೊತ್ತಿದ್ದರೆ ಹೊಸ ವಸ್ತು ಹದಕ್ಕೆ ಬರುತ್ತೆ. ಗೊತ್ತಿಲ್ಲದಿದ್ದರೆ ಶೀಟು ಕಾದ ಬಾಣಲೆ.

ಎರಡನೇ ಆಕ್ಷೇಪ: "ಚಪ್ಪರ, ತೇರು ಎಲ್ಲ ಟೆಂಪೊರರಿ. ವಾಸ್ತುಶಿಲ್ಪ ಅಂದರೆ ನಿಲ್ಲಬೇಕು." ಓಹೋ! ಲಂಡನ್ನಿನ ಸರ್ಪಂಟೈನ್ ಗ್ಯಾಲರಿಯ ಮುಂದೆ 2000ದಿಂದ ಬೇಸಿಗೆಗೆ ಒಂದರಂತೆ ಮಂಟಪ ಕಟ್ಟಿ ಬಿಚ್ಚುತ್ತಾರಲ್ಲ, ಅದರ ಫೋಟೋ ತೋರಿಸಿಯೇ ಅಲ್ಲವೇ ನೀವು ಪಾಠ ಮಾಡುವುದು? ನಂಜನಗೂಡಿನ ದೊಡ್ಡ ಜಾತ್ರೆಗೆ ಗಣಪತಿ, ಶ್ರೀಕಂಠೇಶ್ವರ, ಪಾರ್ವತಿ, ಸುಬ್ರಹ್ಮಣ್ಯ, ಚಂಡಿಕೇಶ್ವರ ಅಂತ ಐದು ತೇರು ಎಳೆಯುತ್ತಾರೆ. ಕೆಳಗಿನ ಕೆತ್ತನೆಯ ಮರದ ಭಾಗ ಹಾಗೇ ಇರುತ್ತೆ. ಮೇಲಿನ ಗೋಪುರವನ್ನು ಪ್ರತಿ ವರ್ಷ ಗಳ, ಹಗ್ಗ, ಬಣ್ಣದ ಬಟ್ಟೆಯಿಂದ ಹೊಸದಾಗಿ ಕಟ್ಟುತ್ತಾರೆ, ಜಾತ್ರೆ ಮುಗಿದ ಮೇಲೆ ಬಿಚ್ಚುತ್ತಾರೆ. ಬಟ್ಟೆ ಚಪ್ಪಟೆ, ಗಳ ಗೆರೆ. ಎರಡನ್ನೂ ಎಳೆದು ಕಟ್ಟಿ, ಸಾವಿರಾರು ಜನ ಎಳೆಯುವಾಗ, ಕುಲುಕುವಾಗ, ರಥಬೀದಿಯಲ್ಲಿ ತಿರುಗುವಾಗ ಕಳಚದ ಹಾಗೆ ನಿಲ್ಲಿಸುತ್ತಾರೆ. ನಿಂತಲ್ಲೇ ನಿಲ್ಲುವ ಕಟ್ಟಡ ಯಾರು ಬೇಕಾದರೂ ಕಟ್ಟಬಹುದು ಸ್ವಾಮಿ, ಓಡಾಡುವ ಕಟ್ಟಡ ಕಟ್ಟಿ ನೋಡೋಣ!

ತಿ. ನರಸೀಪುರದ ಸಂಗಮದಲ್ಲಿ 1989ರಿಂದ ಕುಂಭಮೇಳ ನಡೆಯುತ್ತೆ, 2025ರ ಫೆಬ್ರವರಿಯಲ್ಲೂ ಆಯಿತು. ಮೂರು ದಿನಕ್ಕೆ ನದಿ ದಡದಲ್ಲಿ ಒಂದು ಊರೇ ಏಳುತ್ತೆ. ಎಲ್ಲ ಬಟ್ಟೆ, ಶೀಟು, ಗಳ. ಎಷ್ಟು ಆರ್ಕಿಟೆಕ್ಚರ್ ಕಾಲೇಜುಗಳು ಹೋಗಿ ಅದನ್ನು ಅಳೆದು ಬರೆದುಕೊಂಡಿವೆ?

ಕಲ್ಲಿನದ್ದೇ ಬೇಕು ಅಂದರೆ, ಅದೇ ತಾಲ್ಲೂಕಿನ ಸೋಮನಾಥಪುರಕ್ಕೆ ಹೋಗಿ. 1268ರ ಕೇಶವ ದೇವಾಲಯ, 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮೂರು ಗರ್ಭಗುಡಿಗಳ ಹೊರಗೋಡೆ ಹದಿನಾರು ಮೂಲೆಯ ನಕ್ಷತ್ರ. ಹೇಗೆ ಬಂತು? ಒಂದು ಚೌಕ ಹಾಳೆ ತೆಗೆದುಕೊಂಡು ನಡುವೆ ಮೊಳೆ ಹೊಡೆದು ಇಪ್ಪತ್ತೆರಡೂವರೆ ಡಿಗ್ರಿಯಂತೆ ಮೂರು ಸಲ ತಿರುಗಿಸಿ. ಮೊದಲಿನದೂ ಸೇರಿ ನಾಲ್ಕು ಚೌಕ, ನಾಲ್ಕು ನಾಲ್ಕಲೆ ಹದಿನಾರು ಮೂಲೆ. ಚಪ್ಪಟೆ ಆಕಾರದ ಮೇಲೆ ಒಂದೇ ಕ್ರಿಯೆ: ತಿರುಗಿಸು. ಗೋಡೆಗೆ ನೆರಿಗೆ ಬಂತು, ಪ್ರತಿ ನೆರಿಗೆಗೂ ಬೆಳಕು ಒಂದು ಕಡೆ, ನೆರಳು ಒಂದು ಕಡೆ. ಹೊಯ್ಸಳ ಶಿಲ್ಪದ ಬಗ್ಗೆ ಮಾತಾಡುವಾಗ ನಾವು ವಿಗ್ರಹದ ಒಡವೆ ಎಣಿಸುತ್ತೇವೆ, ಗೋಡೆಯ ನೆರಿಗೆ ನೋಡುವುದಿಲ್ಲ.

ಇಷ್ಟೆಲ್ಲ ಯಾಕೆ ಮುಖ್ಯ? ಬರೀ ಹೆಮ್ಮೆಗಾ? ಅಲ್ಲ. 2018, 2019, 2024ರಲ್ಲಿ ಕಬಿನಿ ಉಕ್ಕಿದಾಗ ನಂಜನಗೂಡಿನಲ್ಲಿ ಹದಿನಾರು ಕಾಲು ಮಂಟಪ ಮುಳುಗಿತು, ತಗ್ಗಿನ ಮನೆಗಳಿಗೆ ನೀರು ನುಗ್ಗಿತು. ಅಂಥ ಹೊತ್ತಿನಲ್ಲಿ ಕೈಗೆ ಸಿಗುವುದು ಒಂದು ಚಪ್ಪಟೆ ಟಾರ್ಪಾಲು. ನಾಕು ಮೂಲೆಯನ್ನೂ ಒಂದೇ ಎತ್ತರಕ್ಕೆ ಕಟ್ಟುತ್ತಾರೆ. ಮಳೆ ಬಂದರೆ ನಡುವೆ ಹೊಟ್ಟೆ ಬಿಟ್ಟು ಕೊಡಗಟ್ಟಲೆ ನೀರು ನಿಲ್ಲುತ್ತೆ, ಗಾಳಿ ಬಂದರೆ ಪಟಪಟ ಹೊಡೆದುಕೊಂಡು ಹರಿಯುತ್ತೆ. ಸಂತೆಯಲ್ಲಿ ಟಾರ್ಪಾಲು ಕಟ್ಟಿ ಪಳಗಿದವರು ಏನು ಮಾಡುತ್ತಾರೆ ನೋಡಿ: ಎದುರುಬದುರಿನ ಎರಡು ಮೂಲೆ ಮೇಲಕ್ಕೆ, ಇನ್ನೆರಡು ಮೂಲೆ ಕೆಳಕ್ಕೆ, ನಾಕೂ ಕಡೆ ಬಿಗಿಯಾಗಿ ಎಳೆದು ಗೂಟ. ಆಗ ಬಟ್ಟೆ ಒಂದು ಕಡೆಗೆ ಮೇಲೆ ಬಾಗಿ, ಇನ್ನೊಂದು ಕಡೆಗೆ ಕೆಳಗೆ ಬಾಗಿ, ತನ್ನನ್ನು ತಾನೇ ಬಿಗಿದುಕೊಳ್ಳುತ್ತೆ. ನೀರು ಎರಡು ತಗ್ಗಿನ ಮೂಲೆಯಿಂದ ಹೋಗುತ್ತೆ. 1955ರಲ್ಲಿ ಕಾಸೆಲ್ ಊರಿನ ಉದ್ಯಾನ ಪ್ರದರ್ಶನದಲ್ಲಿ ಫ್ರೈ ಓಟೊ ಇದೇ ಆಕಾರದ ಸಂಗೀತ ಮಂಟಪ ಕಟ್ಟಿ ಹೆಸರಾದರು, 1972ರ ಮ್ಯೂನಿಕ್ ಒಲಿಂಪಿಕ್ಸ್ ಕ್ರೀಡಾಂಗಣದ ಚಾವಣಿಯವರೆಗೂ ಅದು ಬೆಳೆಯಿತು. ಪರಿಹಾರ ಕೊಡುವಾಗ ಟಾರ್ಪಾಲಿನ ಜೊತೆ ಹಗ್ಗ, ನಾಕು ಗೂಟ, ಹೇಗೆ ಕಟ್ಟಬೇಕು ಅಂತ ಒಂದು ಕನ್ನಡದ ಚಿತ್ರದ ಹಾಳೆ ಇಟ್ಟರೆ ಏನು ಗಂಟು ಹೋಗುತ್ತೆ? ಅದನ್ನು ಬರೆಯಬೇಕಾದವರು ಯಾರು? ಮಡಿಕೆಯ ಬಗ್ಗೆ ಸೆಮಿನಾರ್ ಮಾಡುವವರೇ ತಾನೇ?

ಬೈದಿದ್ದು ಸಾಕು, ಏನು ಮಾಡಬಹುದು ಹೇಳುತ್ತೇನೆ. ಮೈಸೂರು, ಬೆಂಗಳೂರಿನ ಆರ್ಕಿಟೆಕ್ಚರ್ ಕಾಲೇಜುಗಳು ಮೊದಲ ವರ್ಷದ ಮಕ್ಕಳನ್ನು ಒಂದು ವಾರ ದೊಡ್ಡ ಜಾತ್ರೆಯ ತೇರು ಕಟ್ಟುವ ಹೊತ್ತಿಗೆ ನಂಜನಗೂಡಿಗೆ ಕಳಿಸಲಿ. ನೋಡಲು ಅಲ್ಲ, ಗಂಟು ಹಾಕಲು. ಗರಿ ಹೆಣೆಯುವವರನ್ನು, ತೇರು ಕಟ್ಟುವವರನ್ನು ಸ್ಟುಡಿಯೋಗೆ ಕರೆಸಲಿ. ಕರೆಸಿದಾಗ ಕೂಲಿ ಲೆಕ್ಕದಲ್ಲಿ ಅಲ್ಲ, ಅತಿಥಿ ಉಪನ್ಯಾಸಕರಿಗೆ ಕೊಡುವಷ್ಟೇ ಕೊಡಲಿ. ಶಾಲು ಹಾರ ಬೇಡ, ಅದು ನಮ್ಮವರಿಗೆ ಸುಲಭ, ಸಂಭಾವನೆ ಬೇಕು. ತೇರಿನ ಮೇಲ್ಭಾಗದ ಪ್ರತಿ ಗಂಟಿನ ಚಿತ್ರ, ಅಳತೆ, ಹೆಸರು ಕನ್ನಡದಲ್ಲಿ ದಾಖಲಾಗಲಿ. ಮತ್ತೆ, ಮುಂದಿನ ಸಲ ಒಬ್ಬ ಹುಡುಗ ಕೊಪ್ಪೆ ಮಾಡಿ ತಂದರೆ ದಯವಿಟ್ಟು ನಗುವ ಮೊದಲು ಒಂದು ಸಲ ಅದರೊಳಗೆ ತಲೆ ಹಾಕಿ ನೋಡಿ.

ನಮ್ಮ ಹುಡುಗನಿಗೆ ನಾನು ಹೇಳಿದ್ದೇನೆ, ಸೆಮಿಸ್ಟರ್ ಮುಗಿಯುವ ಮೊದಲು ಅದೇ ಕೊಪ್ಪೆಯನ್ನು ಹತ್ತು ಅಡಿ ಟಾರ್ಪಾಲಿನಲ್ಲಿ ಮಾಡಿ ಕಾಲೇಜಿನ ಮೈದಾನದಲ್ಲಿ ನಿಲ್ಲಿಸು, ಮೇಷ್ಟ್ರನ್ನೇ ಒಳಗೆ ಕೂರಿಸು ಅಂತ. ಟಾರ್ಪಾಲಿನ ದುಡ್ಡು ನಂದು. ಏನಾಯಿತು ಅಂತ ಇಲ್ಲೇ ಬರೆಯುತ್ತೇನೆ.

ಅಷ್ಟರಲ್ಲಿ ನೀವೊಂದು ಉಪಕಾರ ಮಾಡಿ. ಕೊಪ್ಪೆಗೆ ನಿಮ್ಮ ಕಡೆ ಏನಂತಾರೆ? ಮಲೆನಾಡಿನವರು ಗೊರಬಿನ ಬಗ್ಗೆ ಬರೆಯಿರಿ, ಕರಾವಳಿ, ಕಾಸರಗೋಡಿನವರು ಅಡಿಕೆ ಹಾಳೆಯ ಟೊಪ್ಪಿ ಮಾಡುವುದು ಹೇಗೆ ಅಂತ ಹಂತಹಂತವಾಗಿ ಬರೆಯಿರಿ, ಬಯಲುಸೀಮೆಯವರು ಕಂಬಳಿಯ ಮಡಿಕೆ ತಿಳಿಸಿ. ಫೋಟೋ ಇದ್ದರೆ ಇನ್ನೂ ಒಳ್ಳೆಯದು. ಹೆಸರು, ಊರು, ಯಾವ ಮೂಲೆ ಎಲ್ಲಿಗೆ ಹೋಗುತ್ತೆ ಅನ್ನುವುದು, ಈ ಮೂರು ಇದ್ದರೆ ಸಾಕು. ಎಲ್ಲ ಒಟ್ಟು ಮಾಡಿ ಒಂದು ಪಟ್ಟಿ ಹಾಕುತ್ತೇನೆ. ಯಾವ ಕಾಲೇಜೂ ಮಾಡದಿದ್ದರೆ ನಾವೇ ಮಾಡೋಣ.